ಬೆಲ್ಲ ಕುಡಿದ ತಾರಸಿ

ಮದ್ದೂರಿನ ಪಾರ್ಥಸಾರಥಿ ಅಯ್ಯಂಗಾರರಿಗೆ ಎರಡಂತಸ್ತಿನ ಜವಳಿ ಅಂಗಡಿ ಬೇಕು, ಮುಂದೆ ಐದು ಕಮಾನು ಬೇಕು, ನೆತ್ತಿಯ ಮೇಲೆ ಮೈಸೂರಿನಲ್ಲಿ ಕಂಡಂಥ ಸಿಮೆಂಟಿನ ತಾರಸಿಯೂ ಬೇಕು. ಆದರೆ ಅದು ಯುದ್ಧದ ಕಾಲ, ಸಿಮೆಂಟು ಕಣ್ಣಿಗೂ ಬೀಳುತ್ತಿರಲಿಲ್ಲ.

"ಗಾರೆ ತಾರಸಿ ಆಕ್ತೀನಿ ಬುದ್ದಿ. ಒಂದು ತೊಟ್ಟು ಸೋರುದ್ರೆ ಮತ್ತೆ ಕರಣೆ ಮುಟ್ಟಾಕಿಲ್ಲ," ಎಂದ ಮೇಸ್ತ್ರಿ ಮಜೀದ್. ಅಪ್ಪ ಫಕ್ರುದ್ದೀನ್ ತೀರಿಕೊಂಡ ಮೇಲೆ ಅವನು ಒಬ್ಬನೇ ಹಿಡಿದ ಮೊದಲ ಕೆಲಸ ಅದು. ಎಲುಬಿಲ್ಲದ ನಾಲಿಗೆ, ಆಡಿಬಿಟ್ಟ.

ತೇಗದ ತೊಲೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ, ಸುಣ್ಣ, ಇಟ್ಟಿಗೆಚೂರು ಹರಡಿದರು. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾ ಕೂಲಿಯಾಳುಗಳ ಮುಂದಾಳು ಚಲುವಮ್ಮನ ಕಡೆಯ ಹೆಂಗಸರು ಮರದ ಕೊಡತಿಯಿಂದ ಆರು ದಿನ ಬಡಿದರು. ಅವರು ಬೆಲ್ಲ ತಿನ್ನುತ್ತಾರೆಂದು ಅಯ್ಯಂಗಾರರಿಗೆ ಅನುಮಾನ. ಬೆಲ್ಲದ ಸೀಮೆಯಲ್ಲಿ ಹುಟ್ಟಿದವರು ಬೆಲ್ಲ ಕದಿಯುತ್ತಾರಂತೆ! ಅಚ್ಚುಗಳನ್ನು ತಾವೇ ಕೈಯಾರೆ ಕೊಡುತ್ತಿದ್ದರು. ಉಳಿದದ್ದನ್ನು ಎಲ್ಲಿಡುತ್ತಿದ್ದರೋ ಯಾರಿಗೂ ಗೊತ್ತಿಲ್ಲ.

ಗಾರೆ ಒಣಗಿದ ಮೇಲೆ ಸುತ್ತ ಮಣ್ಣಿನ ಬದು ಕಟ್ಟಿ, ಮೇಲೆ ನೀರು ನಿಲ್ಲಿಸಿದರು. ಮಳವಳ್ಳಿಯ ವರ್ತಕರಿಬ್ಬರು ಪರೀಕ್ಷೆ ನೋಡಲು ಬಂದಿದ್ದರು. ತಾರಸಿ ಸೋರದಿದ್ದರೆ ಅಲ್ಲಿಯ ಕೆಲಸವೂ ಮಜೀದನಿಗೇ.

ಮರುದಿನ ಬೆಳಿಗ್ಗೆ ಮೇಲಂತಸ್ತಿನ ಬಾಗಿಲು ತೆಗೆದರೆ ಅಲ್ಲಿಯ ನೆಲ ಒದ್ದೆ. ಮೇಲಿನಿಂದ ಒಂದೊಂದೇ ತೊಟ್ಟು ಬೀಳುತ್ತಿತ್ತು.

"ಸೋರ್ತಾ ಇದೆಯಲ್ಲಯ್ಯ!" ಎಂದರು ಅಯ್ಯಂಗಾರರು.

ಮಜೀದ್ ಅಪ್ಪನ ಕಾಲದ ಕರಣೆಯನ್ನು ಹೊಸಲಿನ ಮೇಲಿಟ್ಟು ಮೆಟ್ಟಿಲಿಳಿದ.

ಚಲುವಮ್ಮ ಮಾತ್ರ ನೆಲವನ್ನೇ ನೋಡುತ್ತಿದ್ದಳು. "ತಡಿ ಮೇಸ್ತ್ರಿ! ಬರೀ ನೀರಿಗೆ ಇಷ್ಟೊಂದು ಇರುವೆ ಬತ್ತವಾ?" ಎಂದು ಕೂಗಿ, ಬೆರಳದ್ದಿ ನೆಕ್ಕಿದಳು. "ಏಣಿ ತತ್ತರ್‍ರೋ!"

ಮಜೀದ್ ಹಿಂದಿರುಗಿ ಏಣಿ ಹತ್ತಿ ನೋಡಿದರೆ ತೊಲೆಯ ಸಂದಿಯಲ್ಲೊಂದು ಗಂಟು. ಒಳಗಿನ ಬೆಲ್ಲ ತೇವದ ಗಾಳಿಗೆ ಕರಗಿ ನೀರಾಗಿತ್ತು. ಸುತ್ತಿದ್ದ ಬಟ್ಟೆ ಅಯ್ಯಂಗಾರರದೇ ಕೆಂಪಂಚಿನ ಪಂಚೆ. ಛಾವಣಿಯ ಇಟ್ಟಿಗೆ ಮಾತ್ರ ಒಣಗಿಯೇ ಇತ್ತು.

"ತಾರಸಿ ಸೋರ್ತಿಲ್ಲ ಬುದ್ದಿ," ಎಂದಳು ಚಲುವಮ್ಮ. "ನೀವು ಬಚ್ಚಿಟ್ಟಿದ್ದು ಸೋರ್ತಾ ಐತೆ."

ಮಳವಳ್ಳಿಯವರು ನಕ್ಕರು. ಅಯ್ಯಂಗಾರರು ನಗಲಿಲ್ಲ. ಬಗ್ಗಿ ಕರಣೆ ಎತ್ತಿಕೊಂಡು, ಹೆಗಲ ಮೇಲಿನ ಉತ್ತರೀಯದಿಂದ ಒರೆಸಿ ಮಜೀದನ ಕೈಗಿಟ್ಟರು.

"ಮಳವಳ್ಳಿಗೆ ಹೋಗೋ ಮುಂಚೆ ನಮ್ಮನೆಗೆ ಬಾಪ್ಪ. ಅಡುಗೆಮನೆ ಸೋರುತ್ತೆ. ಒಳಗೇ ಬಂದು ನೋಡು."

ಅಲ್ಲಿಯವರೆಗೆ ಮಜೀದ್ ಆ ಮನೆಯ ಜಗಲಿ ದಾಟಿದವನಲ್ಲ.

"ಬೆಲ್ಲ ಯಾರ ಕೈಲಿರ್ತದೆ ಬುದ್ದಿ?" ಎಂದಳು ಚಲುವಮ್ಮ.

"ನಿನ್ನ ಕೈಲೇ ಇರಲಿ ತಾಯಿ."