ಅಗಲವಾದ ಮುಖ

ಬೆಳಿಗ್ಗೆ ಕೌಲ್ ಬಜಾರಿನ ಫ್ಲೆಕ್ಸ್ ಅಂಗಡಿ ತೆರೆದವನೇ ಹುಲುಗೇಶ ಲ್ಯಾಪ್‌ಟಾಪಿನ ಲಿನಕ್ಸ್ ತಂತ್ರಾಂಶ ಅಪ್‌ಗ್ರೇಡ್ ಮಾಡಲು ಹೋಗಿದ್ದ. ಚಹಾ ಕುಡಿದು ಬರುವಷ್ಟರಲ್ಲಿ ಪರದೆ ಅಡ್ಡಡ್ಡ ಹಿಗ್ಗಿ ಕೂತಿತ್ತು. ದುಂಡಗಿನದೆಲ್ಲ ಮೊಟ್ಟೆಯಾಕಾರ, ಫೋಟೋಗಳಲ್ಲಿನ ಮುಖಗಳೆಲ್ಲ ಅಗಲ. ಸೆಟ್ಟಿಂಗ್ ತೆರೆದು ನೋಡಿದರೆ ರೆಸಲ್ಯೂಷನ್ ಎಂದಿರುವಲ್ಲಿ ಒಂದೇ ಅಳತೆ. ಬದಲಿಸೋಣವೆಂದರೆ ಇನ್ನೊಂದು ಇಲ್ಲ.

"ಏನಲೇ, ನಿನ್ನ ಕಂಪ್ಯೂಟರ್ ಎಲ್ಲಾರಿಗೂ ಮೈ ಬರಿಸೈತಿ," ಎಂದು ಪಕ್ಕದ ಪಂಕ್ಚರ್ ಅಂಗಡಿಯ ಎರ್ರಣ್ಣ ಬಗ್ಗಿ ನೋಡಿ ನಕ್ಕ. "ನನ್ನ ಫೋಟೋನೂ ಹಾಕು, ಯಾರರ ಹೆಣ್ಣು ಕೊಡ್ತಾರ."

ಹುಲುಗೇಶ ಉತ್ತರ ಕೊಡುವಷ್ಟರಲ್ಲಿ ಬಾಗಿಲಿಗೆ ಇಬ್ಬರು ಬಂದರು: ಕುರುಗೋಡಿನ ಚನ್ನವೀರಮ್ಮ, ಜೊತೆಗೆ ಅವಳ ಅಳಿಯ, ಸಿರುಗುಪ್ಪದ ದೊಡ್ಡಬಸವರಾಜ. ಮಗಳು ಶೀಲಾ ತೀರಿಕೊಂಡು ವಾರವಾಗಿತ್ತು. ಶಿವಗಣಾರಾಧನೆಯ ದಿನ ಕುರುಗೋಡಿನ ಓಣಿಯಲ್ಲಿ ಕಟ್ಟಲು ಬ್ಯಾನರ್ ಬೇಕಿತ್ತು.

ಸತ್ತವರ ಫೋಟೋವನ್ನು ಹುಲುಗೇಶ ಇದ್ದ ಹಾಗೆ ಹಾಕುವವನಲ್ಲ. ಕೆನ್ನೆ ತುಂಬುತ್ತಿದ್ದ, ಬಣ್ಣ ತಿಳಿ ಮಾಡುತ್ತಿದ್ದ, ಬರಿಗೊರಳಿಗೆ ಸರ ಇಡುತ್ತಿದ್ದ. ಸುತ್ತಲಿನ ಊರಿನವರು ಅದಕ್ಕೇ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಆದರೆ ಅಳಿಯ ಫೋನಿನಿಂದ ಕಳಿಸಿದ ಫೋಟೋ ಹಿಗ್ಗಿದ ಪರದೆಯ ಮೇಲೆ ತೆರೆದಾಗ ಮುಖ ಮೊದಲೇ ತುಂಬಿಕೊಂಡಿತ್ತು.

"ಹಿಂಗs ಇದ್ಲು ನೋಡಪ್ಪ," ಎಂದಳು ಚನ್ನವೀರಮ್ಮ. "ನಾಕು ದಿನದ ಜ್ವರ ಹೀರಿಬಿಡ್ತು. ಮಣ್ಣು ಮಾಡೋ ಹೊತ್ತಿನ್ಯಾಗ ನನಗs ಗುರುತು ಸಿಗಲಿಲ್ಲ."

"ಹಿಂಗs ಇರಲಿ," ದೊಡ್ಡಬಸವರಾಜ ಅವಸರ ಮಾಡಿದ. "ಪ್ರಿಂಟಿಗೆ ಕಳಸ್ರಿ."

"ಪರದಿ ಕೆಟ್ಟೈತಿ ಅಣ್ಣಾ, ಅಗಲ ತೋರಸಾಕತ್ತೈತಿ. ಪ್ರಿಂಟಿನ್ಯಾಗ ಹಿಂಗ ಬರಂಗಿಲ್ಲ. ಸರಿ ಮಾಡ್ತೀನಿ, ಕುಂದರ್ರಿ."

"ಈಗ್ಯಾಕ್ರಿ? ನಾವು ಹೋದ ಮ್ಯಾಲ ಮಾಡ್ಕೊಳ್ರಿ."

ಬಸ್ಸಿನ ಅವಸರವಿರಬೇಕೆಂದುಕೊಂಡ ಹುಲುಗೇಶ. ಅಪ್‌ಗ್ರೇಡಿನ ಜೊತೆ ಬಂದ, ಲಿನಕ್ಸಿನ ತಿರುಳಾದ ಹೊಸ ಕರ್ನಲ್‌ಗೆ ಈ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಹಿಡಿಸಿಲ್ಲವೆಂದು ಅವನಿಗೆ ಅನುಮಾನ. ಮುಚ್ಚಿ ಮತ್ತೆ ಚಾಲೂ ಮಾಡಿ, ಮೊದಲಿಗೆ ಬರುವ ಪಟ್ಟಿಯಲ್ಲಿ ಹಳೆಯ ಕರ್ನಲ್ ಆರಿಸಿದ. ಅಕ್ಷರಗಳು ಸಣ್ಣಗೆ, ಚೂಪಾಗಿ ನಿಂತವು. ಗೆದ್ದವನ ಹಾಗೆ ಫೋಟೋ ತೆರೆದ.

ಮುಖ ಕುಗ್ಗಿಹೋಗಿತ್ತು. ಕೆನ್ನೆಯ ಎಲುಬು ಎದ್ದಿತ್ತು, ಕೊರಳಿನ ನರ ಕಾಣುತ್ತಿತ್ತು.

"ಏನ್ ಮಾಡಿದಿ ತಮ್ಮಾ? ಚಂದಿದ್ದಾಕಿನ್ನ ಹಿಂಗ ಮಾಡಿಟ್ಟೆಲ್ಲ."

"ನಾ ಏನೂ ಮುಟ್ಟಿಲ್ಲಮ್ಮ. ಫೋಟೋ ಇರೋದs ಹಿಂಗ."

ಚನ್ನವೀರಮ್ಮ ಪರದೆಯ ಹತ್ತಿರಕ್ಕೆ ಬಾಗಿದಳು. ಅವಳ ಬೆರಳು ಸೀರೆಯ ಅಂಚಿನ ಮೇಲೆ ನಿಂತಿತು.

"ಇದು ನಾ ಪಂಚಮಿಗೆ ಕಳಿಸಿದ ಸೀರಿ."

ಅವಳು ಅಳಿಯನ ಕಡೆ ತಿರುಗಿದಳು.

"ಎಲ್ಲಾರ ಹೆಣ್ಣುಮಕ್ಕಳೂ ಪಂಚಮಿಗೆ ತವರಿಗೆ ಬಂದ್ರು. ಗದ್ದಿ ನಾಟಿ ಐತಿ, ಶೀಲಾನ್ನ ಕಳ್ಸಾಕ ಆಗಂಗಿಲ್ಲ ಅಂದ್ರಿ. ನಾ ಸೀರಿ ಕಳಿಸಿ ಸುಮ್ಮನಾದೆ. ನಾಕು ದಿನದ ಜ್ವರ ಅಂದಿದ್ರಿ, ಪಂಚಮಿಗೇ ಹಿಂಗಾಗಿದ್ಲೇನು?"

"ಅವ್ವಗ ಹೇಳಬ್ಯಾಡ ಅಂತ ಆಕೀನs ನನ್ನ ಕಡಿಂದ ಆಣಿ ಮಾಡಿಸ್ಕೊಂಡಿದ್ಲು, ಅತ್ತಿ. ಡಾಕ್ಟರು ಆಗ್ಲೇ ಕೈಚೆಲ್ಲಿದ್ರು. ಸೀರಿ ಉಟ್ಟಿದ್ದು ನಿಮಗ ತೋರ್ಸಾಕಂತ ತಗಿಸ್ಕೊಂಡ್ಲು. ಆಮ್ಯಾಲ ಕಳಿಸಬ್ಯಾಡ ಅಂದ್ಲು."

"ಆಕಿ ಅಂತಾಳ. ನಿಮಗ ಬಾಯಿ ಇದ್ದಿಲ್ಲೇನ್ರಿ? ಕುರುಗೋಡೇನು ಪರದೇಶ ಅಲ್ಲ. ಬಂದು ಆಕಿ ಮಗ್ಗಲಾಗ ಕುಂದರ್ತಿದ್ದೆ."

ದೊಡ್ಡಬಸವರಾಜ ಟವೆಲಿನಿಂದ ಬಾಯಿ ಒತ್ತಿಕೊಂಡ.

ಹುಲುಗೇಶನಿಗೆ ಕೂತಲ್ಲಿ ಕೂರಲಾಗಲಿಲ್ಲ. "ಅಮ್ಮ, ಕೆನ್ನಿ ತುಂಬಿ ಕೊಡ್ತೀನಿ. ಮೊದಲು ಕಂಡಂಗs ಮಾಡ್ತೀನಿ."

"ಬ್ಯಾಡ. ಹಿಂಗs ಹಾಕು."

"ಮಂದಿ ಏನಂತಾರ, ಅತ್ತಿ? ಉಪವಾಸ ಕೆಡವಿ ಕೊಂದ್ರು ಅಂತಾರ," ಅಳಿಯನ ದನಿ ಒಡೆಯಿತು. "ಆಸ್ಪತ್ರಿ ಆಸ್ಪತ್ರಿ ತಿರುಗೀನ್ರಿ ನಾನು."

"ತಿರುಗಿರಬೇಕು. ನನಗ ಗೊತ್ತಿಲ್ಲಲ್ರಿ. ಮಂದಿ ಅನ್ನೋದು ಅನ್ನಲಿ."

ಅಳಿಯ ಎದ್ದು ಹೊರಗೆ ಹೊರಟ. ಹೋಗುವಾಗ ಹುಲುಗೇಶನ ಕಿವಿಯ ಬಳಿ ಬಾಗಿ, ಅವನಿಗೆ ಮಾತ್ರ ಕೇಳುವಂತೆ, "ಹೋದ ಮ್ಯಾಲ ಮಾಡ್ಕೊಳ್ರಿ ಅಂದಿದ್ನೆಲ್ಲ ಅಣ್ಣಾ," ಎಂದ.

ಹುಲುಗೇಶ ಫೋಟೋದಲ್ಲಿ ಒಂದು ಗೆರೆಯನ್ನೂ ತಿದ್ದದೆ ಹೆಸರು, ತಾರೀಖು ಕೂಡಿಸಿ ಪ್ರಿಂಟಿಗೆ ಕಳಿಸಿದ. ಫೈಲು ಮುಚ್ಚಲು ಹೋದಾಗ ಚನ್ನವೀರಮ್ಮ ಅವನ ಮುಂಗೈ ಹಿಡಿದಳು.

"ತಗೀಬ್ಯಾಡ. ಇನ್ನೊಂದೀಟು ನೋಡ್ತೀನಿ."

ಅವನು ಮೌಸಿನ ಮೇಲೆ ಕೈಯಿಟ್ಟುಕೊಂಡು ಕೂತ. ಪರದೆ ಮಂಕಾಗತೊಡಗಿದಾಗಲೆಲ್ಲ ಅದನ್ನು ಸ್ವಲ್ಪ ಅಲುಗಿಸುತ್ತಿದ್ದ.