ಗೋಡೆಯ ಬೆರಣಿ

ಚಟ್ಟ ಕಟ್ಟುವವರಿಗೆ ಹಗ್ಗದ ತುದಿ ಹಿಡಿದು ನಿಂತಿದ್ದ ಭೈರೇಶನ ಜೇಬಿನಲ್ಲಿ ಫೋನು ಮತ್ತೆ ಗುರುಗುಟ್ಟಿತು. ಟೈಲ್ಸ್ ಲಾರಿಯವನೇ ಇರಬೇಕು. ಇವತ್ತು ತರಬೇಡಪ್ಪ ಎಂದು ಬೆಳಗ್ಗೆಯೇ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಅಮ್ಮ ಕಣ್ಣು ಮುಚ್ಚಿದ ಹೊತ್ತಲ್ಲಿ ಟೈಲ್ಸು ಯಾರಿಗೆ ನೆನಪಿರುತ್ತದೆ? ಈಗ ಮಾತಾಡೋಣವೆಂದರೆ ಸುತ್ತಲೂ ನೆಂಟರು. ಹಗ್ಗ ಬಿಟ್ಟ, ಮತ್ತೆ ಹಿಡಿದ, ರಸ್ತೆಯ ತಿರುವಿನತ್ತ ಕತ್ತು ಉದ್ದ ಮಾಡಿದ.

“ಸ್ವಲ್ಪ ಒಂದ್ಕಡೆ ನಿಂತ್ಕೊಳ್ರೀ,” ಎಂದಳು ಹೆಂಡತಿ ಗಿರಿಜಾ.

ಬಸವೇಶ್ವರನಗರದ ಆ ಮೂಲೆಮನೆಯ ಮುಂದೆ, ಶಾಮಿಯಾನದ ಕೆಳಗೆ, ತಾಯಿ ಮುನಿಲಕ್ಷ್ಮಮ್ಮನನ್ನು ಬೆಂಚಿನ ಮೇಲೆ ಮಲಗಿಸಿದ್ದರು. ತಲೆಯ ಹಿಂದೆ ರಸ್ತೆ ಕಡೆಯ ಗೋಡೆ. ಗಾರೆ ಅಲ್ಲಲ್ಲಿ ಉಬ್ಬಿಕೊಂಡಿತ್ತು, ಎದೆಯೆತ್ತರಕ್ಕೆ ಸಾಲಾಗಿ ಬೆರಣಿ ಬೇರೆ. ಆ ಗೋಡೆ ಮುಟ್ಟುವುದಿಲ್ಲವೆಂದು, ಅಮ್ಮ ಹಾಸಿಗೆ ಹಿಡಿದಾಗ, ನೆಂಟರೆಲ್ಲರ ಎದುರೇ ಭೈರೇಶ ಅವಳ ಕೈ ಹಿಡಿದು ಮಾತು ಕೊಟ್ಟಿದ್ದ. ಆ ಹೊತ್ತಿಗಾಗಲೇ ಟೈಲ್ಸಿಗೆ ಆರ್ಡರ್ ಹೋಗಿತ್ತು. ಈಗ ಲಾರಿ ಬಂದು ನಿಂತರೆ ಹೆಣದ ಮುಂದೆಯೇ ಅವನ ಮರ್ಯಾದೆ ಮೂರು ಕಾಸಿಗೆ ಹರಾಜು.

* * *

ಮನೆ ರಿಪೇರಿ ಎಂದು ಹೊರಟಾಗ ಒಳಗಿನದಕ್ಕೆಲ್ಲ ಮುನಿಲಕ್ಷ್ಮಮ್ಮ ಹೂಂ ಅಂದಿದ್ದಳು. ಹೊರಗೋಡೆಗೆ ಬಂದಾಗ ಮಾತ್ರ ಹಠ. ಭೈರೇಶ ಟೆಕ್ಸ್ಚರ್ ಪೇಂಟ್ ಬಳಿದ ಹಲಗೆ, ಒಂದು ಕಲ್ಲಿನ ಬಿಲ್ಲೆ, ಬೂದುಬಣ್ಣದ ಹೊಳೆಯುವ ಟೈಲು ತಂದು ಜಗಲಿಯ ಮೇಲೆ ಹರಡಿದ. ಮುದುಕಿ ಬಣ್ಣವನ್ನು ನೋಡಲೇ ಇಲ್ಲ. ಒಂದೊಂದನ್ನೂ ಅಂಗೈಯಿಂದ ಪಟ್ಟೆಂದು ತಟ್ಟಿದಳು. ಟೈಲನ್ನಂತೂ ತಟ್ಟಿ ದೂರಕ್ಕೇ ಸರಿಸಿದಳು.

“ಇದು ಏನ್ನೂ ಹಿಡ್ಕೊಳಲ್ಲ ಕಣೋ. ಜಾರ್ತದೆ.”

“ಗೋಡೆ ಏನಮ್ಮ ಹಿಡ್ಕೋಬೇಕು?”

“ನನ್ ಕೆಲ್ಸ ಮುಗೀಲಿ. ಆಮೇಲೆ ಏನಾದ್ರೂ ಮೆತ್ಕೋ.”

ಯಾವ ಕೆಲಸ ಎಂದು ಅವನು ಕೇಳಲಿಲ್ಲ. ಹಾಲಿನವನ ಕೊಟ್ಟಿಗೆಯಿಂದ ಬಕೆಟ್ಟಿನಲ್ಲಿ ಸಗಣಿ ತರುವುದು, ಗೋಡೆಗೆ ತಟ್ಟುವುದು, ಅಷ್ಟೇ ತಾನೆ? ಮನೆಯಲ್ಲಿ ಸೌದೆಯೊಲೆ ಹೋಗಿ ಎಷ್ಟೋ ಕಾಲವಾಗಿತ್ತು. ಈ ಬಡಾವಣೆ ಹೊಲವಾಗಿದ್ದಾಗಿನ ಚಾಳಿ, ಹುಟ್ಟುಗುಣ ಸುಟ್ಟರೂ ಹೋಗದು ಎಂದುಕೊಂಡ. ಎದುರು ಅಪಾರ್ಟ್‌ಮೆಂಟಿನವರು ಮೂಗು ಮುರಿದಾಗಲೆಲ್ಲ ಅವನಿಗೆ ತಲೆ ಎತ್ತಲಾಗುತ್ತಿರಲಿಲ್ಲ. ಒಂದು ಸಂಜೆ ಯಾರಿಗೂ ಹೇಳದೆ ಹೋಗಿ ಟೈಲ್ಸ್ ಗೊತ್ತುಮಾಡಿ ಬಂದ.

* * *

ಮುನಿಲಕ್ಷ್ಮಮ್ಮನ ತಮ್ಮ ಚಿಕ್ಕಮುನಿಯಪ್ಪ ಮಡಕೆ ತಂದಿಟ್ಟರು. ಅದರಲ್ಲಿ ಬೆಂಕಿ ಹಾಕಿಕೊಂಡು ಮಗ ಸ್ಮಶಾನದವರೆಗೆ ಮುಂದೆ ನಡೆಯಬೇಕು. ಬೆರಣಿಗೆ ಯಾರನ್ನಾದರೂ ಗ್ರಂಧಿಗೆ ಅಂಗಡಿಗೆ ಕಳಿಸಿ ಎಂದ ಭೈರೇಶ, ಕಣ್ಣು ಇನ್ನೂ ರಸ್ತೆಯ ಮೇಲೆಯೇ.

“ಅಂಗಡೀದ್ಯಾಕೋ?” ಎಂದರು ಮಾವ. “ಅಕ್ಕ ತಟ್ಟಿಟ್ಟಿರೋದು ಮತ್ಯಾತಕ್ಕೆ?”

ಅವನಿಗೆ ತಿಳಿಯಲಿಲ್ಲ.

“ನಿಮ್ಮಪ್ಪ ಹೋದಾಗ ಮಡಕೆ ಬೆಂಕಿ ಅರ್ಧ ದಾರೀಲೇ ಆರೋಯ್ತಲ್ಲ, ಮರೆತ್ಬಿಟ್ಯಾ? ಅಂಗಡಿ ಬೆರಣಿ, ಹಸಿ. ಬೆಂಕೀನೂ ನೆಟ್ಟಗೆ ಹಿಡೀದ ಮಗ ಅಂತ ಜನ ಆಡ್ಕೊಂಡಿದ್ದು ಅಕ್ಕನ ಕಿವಿಗೆ ಬಿತ್ತು. ನನ್ ಮಗನಿಗೆ ಇನ್ನೊಂದ್ಸಲ ಆ ಮಾತು ಬರ್ಬಾರ್ದು ಅಂತ ಅವಳೇ ತಟ್ಟಿ ಒಣಗ್ಸಿದ್ಳು.”

ಈ ಬೆರಣಿಗಾಗಿ ನಾಚಿಕೊಂಡಿದ್ದೆನಲ್ಲ ಎಂದು ಭೈರೇಶನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಗೋಡೆಯ ಹತ್ತಿರ ಹೋಗಿ ಒಂದೊಂದೇ ಬಿಡಿಸಿದ. ಚೆನ್ನಾಗಿ ಒಣಗಿ ಹಗುರಾಗಿದ್ದವು, ಪ್ರತಿಯೊಂದರ ಮೇಲೂ ಅವಳ ನಾಲ್ಕು ಬೆರಳಿನ ಅಚ್ಚು. ಕೊನೆಯದು ಮಾತ್ರ ಬರಲೊಲ್ಲದು. ಉಗುರು ಹಾಕಿ ಎಳೆದಾಗ ಬೆರಣಿಯ ಬೆನ್ನಿಗೆ ಅಂಗೈಯಗಲ ಗಾರೆಯೂ ಕಿತ್ತು ಬಂತು. ಗೋಡೆಯಲ್ಲಿ ಕೆಂಪು ಇಟ್ಟಿಗೆ ಕಂಡಿತು.

ಆಗಲೇ ಲಾರಿ ಬಂದು ನಿಂತಿತು. ಶಾಮಿಯಾನ ಕಂಡು ಡ್ರೈವರ್ ತಬ್ಬಿಬ್ಬಾದ, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದ.

“ಭೈರೇಶ್ ಸಾರ್ ಮನೆ ಇದೇನಾ? ರೋಡ್ ಕಡೆ ಗೋಡೆಗೆ ಟೈಲ್ಸ್ ಇತ್ತು...”

ನೆಂಟರೆಲ್ಲ ತಿರುಗಿ ನೋಡಿದರು.

“ರೀ, ಅತ್ತೆಗೆ ಮಾತು ಕೊಟ್ಟಿದ್ರಲ್ಲ,” ಎಂದಳು ಗಿರಿಜಾ, ಮೆಲ್ಲಗೆ.

ಬೆಳಗಿನಿಂದ ಹೆದರಿದ್ದ ಗಳಿಗೆ ಬಂದೇ ಬಂದಿತ್ತು. ಭೈರೇಶ ಕೂತು ಬೆರಣಿ ಮುರಿದು ಮಡಕೆಗೆ ತುಂಬಿದ. ಕೊನೆಯದರ ಗಾರೆ ಬಿಡಿಸಿ ಹಾಕೋ ಎಂದರು ಮಾವ. ಎಳೆದ, ತಿರುಚಿದ, ನೆಲಕ್ಕೆ ತಟ್ಟಿದ. ಒಂದನ್ನೊಂದು ಬಿಡಲಿಲ್ಲ. ಹಾಗೆಯೇ ಇಟ್ಟು ಬೆಂಕಿ ಹಚ್ಚಿದ.

ಚಟ್ಟ ಎದ್ದಿತು. ದಾರಿ ಬಿಡಲು ಲಾರಿ ಹಿಂದಕ್ಕೆ ಸರಿಯಿತು, ಒಳಗಿದ್ದ ಟೈಲುಗಳು ಕಟಕಟ ಅಂದವು. ಭೈರೇಶ ಮಡಕೆಯ ಮೇಲಿನ ಕಣ್ಣು ತೆಗೆಯದೆ ನಡೆದ.

ಸ್ಮಶಾನ ಬರುವವರೆಗೂ ಬೆಂಕಿ ಆರಲಿಲ್ಲ. ಮಡಕೆ ಇಳಿಸಿ ಒಳಗೆ ಇಣುಕಿದ. ಉಳಿದದ್ದೆಲ್ಲ ಪುಡಿಯಾಗಿತ್ತು. ಗಾರೆಗೆ ಅಂಟಿದ್ದ ಬೆರಣಿ ಮಾತ್ರ ಅಂಟಿದಲ್ಲೇ ಬೂದಿಯಾಗಿತ್ತು, ಬೂದಿಯಲ್ಲಿ ನಾಲ್ಕು ಬೆರಳು.