ನಾಲ್ಕನೆಯ ದೀದಿ

"ನೀವೂ ಹೊಂಟ್ರಿ, ಅಲ್ಲಾ ದೀದಿ?"

ರವಿಕುಮಾರ ಕೇಳಿದ್ದು ಕ್ಯಾರಮ್ ಬೋರ್ಡಿನಿಂದ ಕಣ್ಣೆತ್ತದೆ. ವೈಷ್ಣವಿ ಹೌದೆಂದಳು. ನಾಶಿಕದ ಆ ವೀಕ್ಷಣಾಲಯದಲ್ಲಿ, ಅಪರಾಧದ ಆರೋಪ ಹೊತ್ತ ಬಾಲಕರ ನಡುವೆ, ಅವಳ ಆಪ್ತಸಮಾಲೋಚನೆಯ ಇಂಟರ್ನ್‌ಶಿಪ್ ಶುಕ್ರವಾರಕ್ಕೆ ಮುಗಿಯುತ್ತಿತ್ತು. ಮುಂದೆ ಸಂಭಾಜಿನಗರದ ಆಸ್ಪತ್ರೆಯ ಮನೋರೋಗ ವಿಭಾಗ. ಹೋಗುವ ದಿನವನ್ನು ಬಂದ ದಿನವೇ ಅವನಿಗೆ ತಿಳಿಸಿದ್ದಳು. ಹಾಗೆ ತಿಳಿಸಿದ್ದರಿಂದ ಈಗ ಯಾವುದೂ ಹಗುರಾಗಲಿಲ್ಲ.

"ಹೊಸಾ ದೀದಿ ಬರ್ತಾರ, ನೀರಜಾ ಅಂತ. ಅವ್ರಿಗೂ ಕನ್ನಡ ಬರ್ತದ."

"ಯಾರರೆ ಬರ್ಲಿ, ನಾ ಮತ್ತ ಹೇಳಂಗಿಲ್ಲ." ಅವನು ಸ್ಟ್ರೈಕರನ್ನು ಮೂಲೆಗೆ ತಳ್ಳಿ ಎದ್ದುಬಿಟ್ಟ. "ಮೂರ್ ದೀದಿಗೋಳಿಗಿ ಹೇಳೀನಿ. ನಾ ಹೇಳೋದು, ಅವ್ರು ಅಯ್ಯೋ ಪಾಪ ಅನ್ನೋದು, ಆಮ್ಯಾಲ ಹೋಗೋದು. ಬಸ್, ಸಾಕಾತು."

ಅವನು ಹೇಳುತ್ತಿದ್ದ ಕಥೆ ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ತಾಯಿ ಅವನನ್ನು ಕಟ್ಟಿಕೊಂಡು ಭಾಲ್ಕಿಯಿಂದ ನಾಶಿಕದ ಅಂಬಡ್‌ಗೆ ಬಂದಳು. ಅಲ್ಲಿ ಶಿವಕಾಂತನೆಂಬವನ ಜೊತೆ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದಳು. ಶಿವಕಾಂತ ಕುಡಿದು ಅವಳನ್ನು ಬಡಿಯುತ್ತಿದ್ದ. ಒಂದು ಸಂಜೆ ರವಿ ಕಬ್ಬಿಣದ ಸಲಾಕೆಯಿಂದ ಅವನ ತಲೆಗೆ ಹೊಡೆದ. ಆ ಮನುಷ್ಯ ಬದುಕಿದ, ಆದರೆ ಬಲಗೈ ಸ್ವಾಧೀನ ತಪ್ಪಿತು. ತಾಯಿ ಈಗಲೂ ಅವನಿಗೇ ಅನ್ನ ಕಲಸಿ ಉಣಿಸುತ್ತಿದ್ದಳು. ಹಾಗಾಗಿ ಹುಡುಗನನ್ನು ಕಳಿಸುವುದಕ್ಕೆ ಬೇರೆ ಮನೆಯೇ ಇರಲಿಲ್ಲ.

ತಾಯಿಯನ್ನು ಕಾಪಾಡಿದ ಹುಡುಗ. ಕಾವಲುಗಾರರೂ ಅವನನ್ನು ಹಾಗೆಯೇ ಕಾಣುತ್ತಿದ್ದರು. ನಿದ್ದೆ ಮಾತ್ರ ಅವನ ಹತ್ತಿರ ಸುಳಿಯುತ್ತಿರಲಿಲ್ಲ.

ವೈಷ್ಣವಿ ತನ್ನ ಮೇಲ್ವಿಚಾರಕಿ ಅನುರಾಧಾ ಮೇಡಂಗೆ ಫೋನು ಮಾಡಿದಳು. "ಅವನ ಬದಲು ನಾನೇ ನೀರಜಾಗೆ ಹೇಳಲೇನ್ರಿ, ಅವನ ಎದುರಿಗೇ?"

"ಅವನನ್ನ ಕೇಳಿದಿಯೇನು?"

ಕೇಳಿರಲಿಲ್ಲ. ಮರುದಿನ ಕೇಳಿದಾಗ ಅವನು ಉಗುರು ಕಚ್ಚುತ್ತಲೇ ಒಪ್ಪಿದ. "ಹೇಳ್ರಿ. ನಾ ಕೂತು ಕೇಳ್ತೀನಿ."

ಶುಕ್ರವಾರ ಮೂವರೂ ಸಮಾಲೋಚನೆಯ ಕೋಣೆಯಲ್ಲಿ ಕೂತರು. ನೀರಜಾ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯ ಎಂಜಿನಿಯರೊಬ್ಬರ ಮಗಳು, ಮಾತು ಕಡಿಮೆ. ರವಿ ಗೋಡೆಯ ಕಡೆ ಮುಖ ಮಾಡಿದ್ದ. ವೈಷ್ಣವಿ ಮರಾಠಿ ಬೆರೆತ ತನ್ನ ಕನ್ನಡದಲ್ಲಿ ನಿಧಾನವಾಗಿ ಶುರು ಮಾಡಿದಳು. ಊರು ಬಿಟ್ಟಿದ್ದು, ಅಂಬಡ್‌ನ ಕೋಣೆ, ಕುಡಿತ, ಏಟು. ತನ್ನ ಬದುಕು ಇನ್ನೊಬ್ಬರ ಬಾಯಲ್ಲಿ ಹೊರಬರುವುದನ್ನು ಅವನು ತಲೆ ತಗ್ಗಿಸಿ ಕೇಳುತ್ತಿದ್ದ.

"ಅವತ್ತ ಸಂಜೀಕ ಶಿವಕಾಂತ ಅವ್ವಗ ಹೊಡಿಲಾಕತ್ತಿದ್ದ. ಇಂವ ನಡುವ ಹೋದ..."

"ಇಲ್ಲ."

ವೈಷ್ಣವಿ ರವಿಯತ್ತ ತಿರುಗಿದಳು.

"ಅವ್ವ ಅಲ್ಲಿ ಇದ್ದಿದ್ದೇ ಇಲ್ಲ. ನೀರಿಗಿ ಹೋಗಿದ್ಳು." ಅವನ ದನಿ ಗೋಡೆಗೆ ಹೇಳುವಂತಿತ್ತು. "ಅಂವ ಉಣ್ಲಾಕತ್ತಿದ್ದ. ನನ್ನ ಕಡಿ ಬೆನ್ನ ಇತ್ತು. ದಿನಾ ಹೊಡಿತಿದ್ದ, ಖರೇ. ಆದ್ರ ಅವತ್ತು ಹೊಡ್ದಿದ್ದಿಲ್ಲ. ಕುಡ್ದೂ ಇದ್ದಿದ್ದಿಲ್ಲ. ಬಾ, ಉಣ್ಣು ಅಂತ ಕರ್ದಿದ್ದ ನನಗ."

ಇಷ್ಟು ದಿನ ವೈಷ್ಣವಿ ಮರುಗಿದ್ದು ಇನ್ಯಾರಿಗೋ ಆಗಿತ್ತು. ತಾಯಿಯನ್ನು ಕಾಪಾಡಿದ ಆ ಹುಡುಗ ಕಣ್ಣೆದುರೇ ಕರಗಿಹೋಗಿ, ಕುರ್ಚಿಯಲ್ಲಿ ಇವನು ಉಳಿದಿದ್ದ. ಪಾಪ ಎಂಬ ಮಾತು ತುಟಿಗೆ ಬಂದದ್ದನ್ನು ಅವಳು ನುಂಗಿಕೊಂಡಳು.

"ಬಾಲ ನ್ಯಾಯ ಮಂಡಳಿಯವ್ರಿಗಿ ಹೇಳ್ತೀರೇನು?" ಎಂದು ವೈಷ್ಣವಿಯನ್ನು ಕೇಳಿದ.

"ನಾ ಹೋಗಿ ಹೇಳಂಗಿಲ್ಲ. ಆದ್ರ ಅವ್ವನ್ನ ಉಳಸಾಕ ಹೊಡ್ದ ಅಂತ ನನ್ನ ರಿಪೋರ್ಟಿನ್ಯಾಗ ಇನ್ನ ಬರಿಯಂಗೂ ಇಲ್ಲ. ಮೊದಲ ನಿನ್ನ ವಕೀಲರಿಗೆ ನೀನೇ ಹೇಳು, ರವಿ."

"ನೀವು ಬಾಜೂಕ ಇರ್ತೀರಿ?"

ಉತ್ತರ ಅವನಿಗೂ ಗೊತ್ತಿತ್ತು. ಅವಳು ಬಾಯಿ ತೆರೆಯುವ ಮೊದಲೇ ನೀರಜಾ ಮಾತಾಡಿದಳು. "ನಾನು ಕೂತ್ಕೋತೀನಿ ಪಕ್ಕದಲ್ಲಿ. ನಿನಗೆ ಯಾವಾಗ ಹೇಳಬೇಕು ಅನ್ಸುತ್ತೋ ಆವಾಗ."

ಅವನು ಮೊದಲ ಬಾರಿಗೆ ಅವಳತ್ತ ತಿರುಗಿದ. "ನಿಮ್ಮ ಕನ್ನಡ ಬ್ಯಾರೇನೇ ಅದ."

"ನಮ್ಮಪ್ಪ ಮಂಡ್ಯದ ಕಡೆಯವರು. ಅರ್ಥ ಆಗುತ್ತಾ?"

"ಆಗ್ತದ. ಜರಾ ಸಾವಕಾಶ ಮಾತಾಡ್ರಿ."

ವೈಷ್ಣವಿ ಚೀಲ ಹೆಗಲಿಗೇರಿಸಿದಳು. ಅವನು ಎದ್ದು ನಿಂತು ನಮಸ್ಕಾರ ಮಾಡಿದ. ಬಾಗಿಲವರೆಗೆ ಬರಲಿಲ್ಲ, ಅವಳೂ ಕರೆಯಲಿಲ್ಲ. ಅಂಗಳ ದಾಟುವಾಗ ಹಿಂತಿರುಗಿ ನೋಡಿದಳು. ಕಿಟಕಿಯ ಸರಳುಗಳ ಆಚೆ ಹಳೆಯ ಫ್ಯಾನು ಗಡಗಡ ಸದ್ದು ಮಾಡುತ್ತ ತಿರುಗುತ್ತಿತ್ತು. ನೀರಜಾ ಏನೋ ಹೇಳುತ್ತಿದ್ದಳು; ರವಿ ಹೋಗಿ ಸ್ವಿಚ್ಚು ಆರಿಸಿದ. ರೆಕ್ಕೆಗಳು ಒಂದೊಂದಾಗಿ ಕಾಣತೊಡಗಿ, ಸದ್ದಡಗಿ, ನಿಂತವು. ಆ ಸೆಕೆಯಲ್ಲೇ ಅವನು ಕುರ್ಚಿಯನ್ನು ನೀರಜಾಳ ಕಡೆಗೆ ಎಳೆದುಕೊಂಡು ಕೂತ.